ಎತ್ತಿದ ಕೈ

ಟೈರು ನೋಡುವುದರಲ್ಲಿ ನಮ್ಮ ಭಾವ ಎತ್ತಿದ ಕೈ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚಾದರೆ ಚಕ್ರ ವಾಲಿದೆ. ಇಷ್ಟನ್ನು ಕಣ್ಣಿದ್ದ ಯಾರಾದರೂ ಹೇಳಿಯಾರು. ಕಣ್ಣಿಗೆ ಬೀಳದ ಸವೆತ ಇನ್ನೊಂದಿದೆ, ಗರಗಸದ ಹಲ್ಲಿನಂಥದ್ದು: ಒಂದು ಕಡೆ ಸವರಿದರೆ ನುಣುಪು, ವಾಪಸ್ ಸವರಿದರೆ ಚುಚ್ಚುತ್ತದೆ. ಅದಕ್ಕೆ ಭಾವನ ಅಂಗೈಯೇ ಆಗಬೇಕು. ಗ್ಯಾರೇಜು ನನ್ನದು, ಬಂದವರು ಕೇಳುವುದು ಅವರನ್ನು. ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂರು ತಿಂಗಳ ಹಿಂದೆ ಅಕ್ಕ ತೀರಿಕೊಂಡಳು. ನಾನು ಔಷಧಿ ತಂದು ಒಳಗೆ ಬರುವಷ್ಟರಲ್ಲಿ ಅವಳು ಹೋಗಿ ಎಷ್ಟೋ ಹೊತ್ತಾಗಿತ್ತು. ಈ ಮನುಷ್ಯ ಅವಳ ಕೈ ಹಿಡಿದುಕೊಂಡು ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

"ಅಷ್ಟೂ ಗೊತ್ತಾಗ್ಲಿಲ್ವಾ ನಿಮ್ಗೆ?" ಎಂದು ಎಲ್ಲರೆದುರು ಕೂಗಾಡಿದೆ.

ಭಾವ ಅಳಲೂ ಇಲ್ಲ. ನಾಲ್ಕನೇ ದಿನ ಕೆಲಸಕ್ಕೆ ಬಂದರು. ಆಮೇಲೆ ಸ್ಪ್ಯಾನರ್ ಕೊಡು, ಜ್ಯಾಕ್ ಇಳಿಸು, ಇಷ್ಟೇ ನಮ್ಮ ಮಾತು. ಬರಬರುತ್ತಾ ನನ್ನೊಳಗೆ ಸಿಟ್ಟೂ ಉಳಿಯಲಿಲ್ಲ, ದುಃಖವೂ ಉಳಿಯಲಿಲ್ಲ. ಊಟ ಮಾಡುತ್ತಿದ್ದೆ, ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದೆ, ಹಾಕುತ್ತಿದ್ದೆ.

ಅಷ್ಟರಲ್ಲಿ ಭಾವ ಸರಿಯಿದೆ ಎಂದು ಕಳಿಸಿದ್ದ ಎರಡು ಕಾರು ಸವೆದ ಟೈರಿನಲ್ಲಿ ಗುಂಯ್‌ಗುಡುತ್ತಾ ವಾಪಸ್ ಬಂದವು. ಇನ್ನೊಂದು ಬಂದರೆ ಇವರನ್ನು ಮನೆಗೆ ಕಳಿಸುವುದೇ ಎಂದು ನಿರ್ಧರಿಸಿದೆ. ಆ ಖಾಲಿ ಮನೆಯಲ್ಲಿ ಅವರು ಮಾಡುವುದಾದರೂ ಏನು ಎಂಬ ಯೋಚನೆಯೂ ಬಂತು. ಬಂದದ್ದು ಹಾಗೇ ಹೋಯಿತು.

ಮೊನ್ನೆ ಬೆಳಿಗ್ಗೆ ಒಬ್ಬರು ಟೀಚರ್ ಕಾರು ಬಿಟ್ಟುಹೋದರು. ಭಾವ ಮುಂದಿನ ಟೈರಿನ ಮೇಲೆ ಕೈಯಾಡಿಸಿ, "ಸರಿಯಿದೆ" ಎಂದರು. ನಾನೂ ಸವರಿದೆ. ಅಂಗೈಗೆ ಚುರ್ರೆಂದು ಚುಚ್ಚಿತು.

"ಭಾವ, ಇದು ಸರಿಯಾ?"

ಅವರು ಮತ್ತೆ ಸವರಿದರು. ಆಮೇಲೆ ಮಂಡಿಯೂರಿ, ಕೆನ್ನೆಯನ್ನು ಟೈರಿಗೆ ಒತ್ತಿ ಮೆಲ್ಲಗೆ ಉಜ್ಜಿದರು. ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

"ಹೌದು, ಚುಚ್ತಿದೆ," ಎಂದು ಎದ್ದರು. ಕೆನ್ನೆ ಕಪ್ಪಾಗಿತ್ತು. "ಕೈಗೆ ಏನೂ ಗೊತ್ತಾಗಲ್ಲ ಕಣೋ. ಸಕ್ಕರೆ ಕಾಯಿಲೆ. ಮೊದಲು ಬೆರಳ ತುದಿ ಜೋಮು ಹಿಡೀತಿತ್ತು. ಈಗ ಪೂರ್ತಿ ಹೋಗಿದೆ. ಇಷ್ಟು ದಿನ ಅಂದಾಜಲ್ಲೇ ಹೇಳ್ತಿದ್ದೆ."

ಅವರು ಟೈರಿನ ಮುಂದಿನಿಂದ ಸರಿದು ನನಗೆ ಜಾಗ ಬಿಟ್ಟರು.

"ನೀನು ಸವರು. ಒಳಗಿಂದ ಹೊರಗೆ. ಚುಚ್ಚುತ್ತಾ?"

"ಹೂಂ."

"ಹೊರಗಿಂದ ಒಳಗೆ?"

"ನುಣ್ಣಗಿದೆ."

"ಹಾಗಾದ್ರೆ ಚಕ್ರಗಳು ಮುಂದುಗಡೆ ಒಳಕ್ಕೆ ತಿರುಗಿವೆ. ಸರಿಮಾಡು."

ಅಳತೆ ಹಿಡಿದು ನೋಡಿದೆ. ಅವರು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮನೆಗೆ ಕಳಿಸುವ ಮಾತು ಅಲ್ಲಿಗೇ ಮುಗಿಯಿತು. ನಾಳೆಯಿಂದ ಕೈ ನನ್ನದು, ಸವೆತ ಓದುವುದು ಅವರದು ಎಂದು ಹೇಳಲು ತಿರುಗಿದೆ. ಭಾವ ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತಾ ನಿಂತಿದ್ದರು.

"ಅವತ್ತು ನೀನು ಕೇಳ್ದೆ," ಎಂದರು. "ಅವಳ ಕೈ ತಣ್ಣಗಾಗಿದ್ದು ನನಗೆ ಗೊತ್ತಾಗ್ಲೇ ಇಲ್ಲ. ನಿದ್ದೆ ಬಂದಿದೆ ಅಂದ್ಕೊಂಡೆ."

ನಾನು ಹೋಗಿ ಅವರ ಕೈ ಹಿಡಿದುಕೊಂಡೆ. ಅವರು ಕಾರಿನ ಕಡೆ ನೋಡುತ್ತಲೇ ಇದ್ದರು.

"ಭಾವ, ನಿಮ್ಮ ಕೈ ಹಿಡ್ಕೊಂಡಿದೀನಿ."

ಅವರು ಕೆಳಗೆ ನೋಡಿದರು. "ಹೌದಾ," ಎಂದರು.