ಮೊದಲ ಹಿಡಿ ಹಾಕಿದವನು

ಉಪ್ಪು ತರಲು ಹೋಗುವಾಗಲೂ ಯಮನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದ. ಗಡ್ಡ ಕೆರೆದು, ತಲೆಗೆ ಎಣ್ಣೆ ಹಚ್ಚಿ, ಕಿವಿಯೊಳಗಿನ ಕೆಂಪು ದೂಳನ್ನು ಒದ್ದೆ ಬಟ್ಟೆಯ ತುದಿಯಿಂದ ತಿರುವಿ ತಿರುವಿ ತೆಗೆದ ಮೇಲೆಯೇ ರಸ್ತೆಗೆ ಇಳಿಯುತ್ತಿದ್ದ. ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವವರು ಎಷ್ಟು ತೊಳೆದುಕೊಂಡರೂ ಕೆಂಪಗೆ ಉಳಿಯುತ್ತಾರೆ. ಮಿಕ್ಕವರು ಅದನ್ನು ಒಪ್ಪಿಕೊಂಡಿದ್ದರು. ಇವನು ಒಪ್ಪಲಿಲ್ಲ.

“ಕಡ್ಡಿಪೆಟ್ಟಿಗಿ ತರಾಕ ಇಷ್ಟು ಶೃಂಗಾರ ಯಾಕೋ?” ಎಂದು ನಾನು ಕೇಳಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು.

“ಯಾರು ಎಲ್ಲಿ ಗಂಟು ಬೀಳ್ತಾರ ಹೇಳಾಕ ಬರ್ತೈತೇನ್ರಿ ಮಾಮಾ? ತಾಯಿ ತಂದಿ ಇದ್ದಾವ್ರಿಗೆ ಹೆಣ್ಣು ಮನಿಗೆ ಹುಡಿಕ್ಕೊಂಡು ಬರ್ತಾವು. ನನಗ ರಸ್ತೇದಾಗ ಸಿಗಬೇಕು.”

ಅವನಿಗೆ ಯಾರೂ ಇರಲಿಲ್ಲ ಎಂಬುದು ನಿಜ. ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ ಚಿಕ್ಕಂದಿನಲ್ಲೇ ಯಾರದೋ ಹಿಂದೆ ವಾಸ್ಕೋಗೆ ಬಂದವನು. ಕರೆತಂದವರು ಸತ್ತರು, ಇವನು ಉಳಿದ. ಮಂಗೋರ್ ಗುಡ್ಡದ ಮೇಲೆ ಒಂದು ಖೋಲಿ ಹಿಡಿದುಕೊಂಡಿದ್ದ. ನಾನು ನೋಡುವ ಹೊತ್ತಿಗೆ ವಯಸ್ಸು ನಲವತ್ತರ ಹತ್ತಿರ. ಮದುವೆಯೊಂದನ್ನು ಬಿಟ್ಟು ಬೇರೆ ಯಾವ ಆಸೆಯೂ ಅವನಿಗಿದ್ದದ್ದು ನನಗೆ ಕಾಣಲಿಲ್ಲ.

ಆ ಗುಡ್ಡದ ಬುಡದಲ್ಲಿ ನನ್ನ ಹಿಟ್ಟಿನ ಗಿರಣಿ. ನಾನು ಧಾರವಾಡದ ಅಂಗಡಿಕಾರರ ಮನೆಯವನು. ಸೈನ್ಯದ ರೇಷನ್ ಉಗ್ರಾಣದಲ್ಲಿ ದುಡಿದು, ನಿವೃತ್ತಿಯ ನಂತರ ಅಣ್ಣನ ಈ ಗಿರಣಿ ವಹಿಸಿಕೊಂಡೆ. ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಯಾವ ಧಾನ್ಯದ ನಂತರ ಯಾವುದು ಎಂಬ ಕ್ರಮ ಎಲ್ಲ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೆ. ಅದನ್ನು ಓದಿ ನಡೆದವನು ಯಮನಪ್ಪ ಒಬ್ಬನೇ. ಅದಕ್ಕೇ ಅವನನ್ನು ಬೆಂಚಿನ ಮೇಲೆ ಕೂರಲು ಬಿಡುತ್ತಿದ್ದೆ.

ಅವನ ಪ್ರೇಮಗಳೆಲ್ಲ ಸಂತೆ ಸಾಮಾನಿನ ನಡುವೆ ಹುಟ್ಟಿದವು. ಮೀನು ಮಾರ್ಕೆಟ್ಟಿನಲ್ಲಿ ಒಬ್ಬಳು ನಕ್ಕಳೆಂದು ಮಳೆಗಾಲವಿಡೀ ಬಂಗಡೆ ತಿಂದು ಮೈತುಂಬ ಗಂಧೆ ಎಬ್ಬಿಸಿಕೊಂಡ. ಒಮ್ಮೆ ಗ್ಯಾಸ್ ಸಿಲಿಂಡರಿನ ಸಾಲಿನಲ್ಲಿ ನಿಂತಿದ್ದಾಗ, ಹೂವಿನ ಫ್ರಾಕು ತೊಟ್ಟ ಹೆಂಗಸೊಬ್ಬಳು ಇವನ ಕಡೆ ನೋಡಿ ತನ್ನ ಸಿಲಿಂಡರು ಎತ್ತಲಾಗದವಳಂತೆ ಉಸ್ಸೆಂದಳು. ಇವನು ತನ್ನ ಸರದಿ ಬಿಟ್ಟುಕೊಟ್ಟು ಅದನ್ನು ಹೆಗಲಿಗೇರಿಸಿ ಅವಳ ಮನೆಯ ಮೇಲಿನ ಅಂತಸ್ತಿನವರೆಗೆ ಹೊತ್ತ. ದಾರಿಯಲ್ಲಿ ಅವಳು ಊರು, ಹೆಸರು ಎಲ್ಲ ಕೇಳಿದಳಂತೆ. ಬಾಗಿಲು ತೆರೆದವನು ಅವಳ ಗಂಡ. ಹೆಂಡತಿಗೆ “ತ್ಯಾ ಘಾಟ್ಯಾಕ್ ಉದಕ್ ದೀ” ಎಂದ. ಆ ಘಾಟಿಗೆ ನೀರು ಕೊಡು ಎಂದು ಅರ್ಥ. ಘಟ್ಟದ ಮೇಲಿನಿಂದ ಬಂದ ನಮ್ಮವರನ್ನು ಗೋವಾದಲ್ಲಿ ಕೀಳಾಗಿ ಕರೆಯುವ ಮಾತು ಅದು. ನೀರು ಕುಡಿಸಿ, ಪಕ್ಕದ ಮನೆಯವರ ಖಾಲಿ ಸಿಲಿಂಡರನ್ನೂ ಇವನ ಕೈಗೆ ಕೊಟ್ಟು ಕಳಿಸಿದರು.

“ಮತ್ತ ಹೊತ್ತೇನೋ ಅದನ್ನೂ?” ಎಂದೆ.

“ಇಳಿಯೂಮುಂದ ಖಾಲಿ ಕೈಲೆ ಯಾಕ ಇಳೀಲಿ ಅಂತ ಹೊತ್ನಿರಿ. ಆಕಿ ಬಾಲ್ಕನ್ಯಾಗ ನಿಂತು ನೋಡಾಕತ್ತಿದ್ಲು,” ಎಂದ. ನಾಚಿಕೆಯಿಲ್ಲದೆ ತಾನೇ ಹೇಳಿಕೊಂಡು ನಗುತ್ತಿದ್ದ. ಗಿರಣಿಗೆ ಬರುವ ಹೆಂಗಸರಿಗೆಲ್ಲ ಈ ಕಥೆಗಳು ಬಾಯಿಪಾಠ. “ಇವತ್ತು ಯಾರ ಸಿಲಿಂಡರೋ ಯಮನ್ಯಾ?” ಎಂದು ಅವರು ಕೇಳದ ದಿನವಿರಲಿಲ್ಲ.

ಶರಣವ್ವ ಅವನಿಗೆ ಸಿಕ್ಕಿದ್ದು ನನ್ನ ಗಿರಣಿಯಲ್ಲೇ. ಇಂಡಿ ಕಡೆಯವಳು, ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಸುಲಿದು ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಮನೆಯಲ್ಲಿ ಕಾಯಿಲೆಯ ತಾಯಿ ಮಾತ್ರ, ಅಪ್ಪನಿಲ್ಲ, ಒಡಹುಟ್ಟಿದವರಿಲ್ಲ. ನೋಡಲು ಚೆಲುವೆ, ನಡೆಯಲ್ಲಿ ಬಿರುಸು, ಮಾತಿನಲ್ಲಿ ಅದಕ್ಕಿಂತ ಬಿರುಸು.

ಇಲ್ಲಿ ಗಿರಣಿಯ ಒಂದು ಸಂಗತಿ ಹೇಳಬೇಕು. ಕಲ್ಲುಗಳ ನಡುವೆ ಹಿಂದಿನವರ ಹಿಟ್ಟು ಒಂದಿಷ್ಟು ಉಳಿದು ಮುಂದಿನವರ ಹಿಟ್ಟಿಗೆ ಸೇರುತ್ತದೆ. ಗೋಧಿಯ ಬೆನ್ನಿಗೆ ಜೋಳ ಹಾಕಿಸಿದರೆ ರೊಟ್ಟಿಯ ರುಚಿ ಕೆಡುತ್ತದೆ. ಆದ್ದರಿಂದ ಜೋಳ ತಂದವರು ಯಾರೂ ಮೊದಲಿಗರಾಗಲು ಒಪ್ಪುವುದಿಲ್ಲ. ಬೇರೊಬ್ಬರ ಜೋಳ ಹೋಗಲಿ ಎಂದು ಡಬ್ಬಿ ಹಿಡಿದು ಕಾಯುತ್ತಾರೆ. ಶರಣವ್ವ ಬಂದಳೆಂದರೆ ಯಮನಪ್ಪ ಎದ್ದು ನಿಲ್ಲುತ್ತಿದ್ದ.

“ಮೊದ್ಲ ನನ್ನದ ಹಾಕ್ರಿ ಮಾಮಾ.”

ಗೋಧಿಯ ಕಲಬೆರಕೆಯೆಲ್ಲ ಅವನ ಡಬ್ಬಿಗೆ ಹೋಗುತ್ತಿತ್ತು. ಅವಳದು ಶುದ್ಧ ಜೋಳದ ಹಿಟ್ಟು. ಅವಳು ಬರುವ ದಿನವನ್ನು ಗುರುತಿಸಿಕೊಂಡು ತಿನ್ನಲಾಗದಷ್ಟು ಜೋಳ ಬೀಸಿಸುತ್ತಿದ್ದ. ಅವಳಿಗೆ ಇದು ತಿಳಿಯದೆ ಇರಲಿಲ್ಲ.

“ನಿನ್ನ ರೊಟ್ಟಿ ಹೆಂಗಾಗ್ತಾವೋ?” ಎಂದು ಒಂದು ದಿನ ಕೇಳಿದಳು.

“ಚಪಾತಿ ಹಂಗ ಆಗ್ತಾವು. ಚಲೋನ ಇರ್ತಾವು,” ಎಂದ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗು ಅವನಿಗೆ ಬೇಸಿಗೆಯಿಡೀ ಸಾಕಾಯಿತು.

ಆ ಬೇಸಿಗೆಯ ಕೊನೆಗೆ ಶರಣವ್ವ ಅವನನ್ನು ನನ್ನ ಮುಂದೆಯೇ ಕರೆದು, “ನಾಳೆ ಮುಂಜಾನೆ ಜಳಕಾ ಮಾಡಿ ಬಾ. ಮದುವಿ ಜೋಳ ಬೀಸಸೂದೈತಿ. ಮೊದಲ ಹಿಡಿ ನಿನ್ನ ಕೈಲೆ ಬೀಳಬೇಕು,” ಎಂದಳು.

ಹಳ್ಳಿಯಲ್ಲಾದರೆ ಬೀಸುಕಲ್ಲಿಗೆ ಅರಿಸಿನದ ಕೊಂಬು ಕಟ್ಟಿ ಮದುವೆಯ ಜೋಳ ಬೀಸಲು ತೊಡಗುತ್ತಾರೆ. ಗೋವಾದ ಬಾಡಿಗೆ ಖೋಲಿಗಳಲ್ಲಿ ಬೀಸುಕಲ್ಲು ಎಲ್ಲಿಂದ ಬರಬೇಕು? ನಮ್ಮ ಜನ ಆ ಪೂಜೆಯನ್ನು ಗಿರಣಿಗೇ ತಂದಿದ್ದರು. ಯಮನಪ್ಪನ ಊರಿನಲ್ಲಿ ಆ ಮೊದಲ ಹಿಡಿ ಹಾಕುವವನು ಮದುಮಗ. ಶರಣವ್ವನ ಊರಿನಲ್ಲಿ ಅದು ಮದುಮಗಳ ಅಣ್ಣನ ಕೆಲಸ. ನನಗೆ ಇದು ತಿಳಿದದ್ದು ಆಮೇಲೆ; ಧಾರವಾಡದ ನಮ್ಮ ಮನೆಗಳಲ್ಲಿ ಈ ಪದ್ಧತಿಯೇ ಇಲ್ಲ.

ಮರುದಿನ ಅವನು ಹೊಸ ಧೋತರ ಉಟ್ಟು ಬಂದ. ಶರಣವ್ವನೊಂದಿಗೆ ಗುಡ್ಡದ ಹೆಂಗಸರ ಗುಂಪೇ ಇಳಿದಿತ್ತು. ಗಿರಣಿಯ ಬಾಯಿಗೆ ಕುಂಕುಮ ಹಚ್ಚಿ, ಅರಿಸಿನದ ಕೊಂಬು ಕಟ್ಟಿದರು. ಯಮನಪ್ಪ ನನ್ನ ಕಿವಿಯ ಹತ್ತಿರ ಬಂದು, “ಸಾವಕಾಶ ಚಾಲೂ ಮಾಡ್ರಿ ಮಾಮಾ. ಒಂದ ಕಾಳೂ ಹೊರಗ ಬೀಳಬಾರ್ದು,” ಎಂದ. ಕಣ್ಣು ಮುಚ್ಚಿ ಹಿಡಿ ಜೋಳ ಬಿಟ್ಟ. ಹೆಂಗಸರು ಸೋಬಾನೆ ಎತ್ತಿದರು. ಮುದುಕಿಯೊಬ್ಬಳು ಅವನ ಹಣೆಗೆ ಕುಂಕುಮ ಇಟ್ಟು, “ಅಣ್ಣ ಅಂದ್ರ ಹಿಂಗಿರಬೇಕು ನೋಡವ್ವಾ. ಒಡಹುಟ್ಟದಿದ್ರೂ ದೇವ್ರು ಕೊಟ್ಟ,” ಎಂದಳು.

“ಯಾರ ಅಣ್ಣ?” ಎಂದ ಯಮನಪ್ಪ.

“ನನ್ನ ಅಣ್ಣ. ಮತ್ತ್ಯಾರು?” ಶರಣವ್ವ ಚೀಲದ ಬಾಯಿ ಬಿಚ್ಚುತ್ತಲೇ ಹೇಳಿದಳು. “ನನ್ನ ಮದುವಿ ಆಗಾವ್ರು ಮಡಗಾಂವ್ದಾಗ ಟೆಂಪೋ ಹೊಡಿತಾರ. ನಾಡದು ಬರ್ತಾರ, ಮಾತಾಡ್ಸುವಂತಿ.”

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗುಂಪಿನಿಂದ ಒಬ್ಬಳು, “ಯಪ್ಪಾ, ಮದುಮಗ ನಾನ ಅಂತ ತಿಳ್ಕೊಂಡು ಧೋತರಾ ಉಟ್ಗೊಂಡು ಬಂದಾನಬೇ!” ಎಂದು ಕೂಗಿದಳು. ಗಿರಣಿಯ ಸದ್ದನ್ನೂ ಮೀರಿ ನಕ್ಕರು. ಒಬ್ಬಳಂತೂ ನಗು ತಡೆಯದೆ ಚೀಲದ ಮೇಲೆ ಕುಳಿತುಬಿಟ್ಟಳು. ಯಮನಪ್ಪ ಬೀಳುತ್ತಿದ್ದ ಹಿಟ್ಟನ್ನು ನೋಡುತ್ತ ನಿಂತಿದ್ದ. ಅವನ ಹಿಂದೆ ಗೋಧಿಯವರು ಕಾಯುತ್ತಿದ್ದರು. ನಾನು ಅವನನ್ನು ಪಕ್ಕಕ್ಕೆ ಸರಿಸಿ ಚೀಲ ಸುರಿದೆ.

ಶರಣವ್ವ ನನ್ನೊಂದಿಗೆ ಮುಚ್ಚುಮರೆ ಮಾಡಲಿಲ್ಲ. “ನನಗೂ ಇವಗೂ ಏನೋ ಐತಿ ಅಂತ ಮಾತು ಹೊಂಟಿತ್ರಿ. ಮಡಗಾಂವ್ ಮಂದಿ ಕಿವಿಗೂ ಬಿದ್ದಿತ್ತು. ನಾಕು ಮಂದಿ ಮುಂದ ಅಣ್ಣ ಮಾಡ್ಕೊಂಡ್ರ ಬಾಯಿ ಮುಚ್ತಾವು,” ಎಂದಳು. ಬಾಯಿಗಳು ಮುಚ್ಚಿದವು. ಮದುವೆಯೂ ನಡೆಯಿತು. ಯಮನಪ್ಪ ಅಣ್ಣನಾಗಿ ನಿಂತು ಅವಳನ್ನು ಟೆಂಪೋ ಹತ್ತಿಸಿದ.

ಮರು ವರ್ಷ ಅವಳ ತಾಯಿ ತೀರಿಕೊಂಡಳು. ಗಂಡ ವಾಸ್ಕೋಗೇ ಬಂದು ಗುಡ್ಡದ ಮೇಲೆ ಮನೆ ಮಾಡಿದ, ಜೊತೆಗೆ ಅತ್ತೆ. ತವರಿಲ್ಲದ ಸೊಸೆಯನ್ನು ಆ ಅತ್ತೆ ಮಾತಿನಲ್ಲೇ ಸುಲಿಯುತ್ತಿದ್ದಳು. ಹೀಗಾಗಿ ನಾಗರಪಂಚಮಿಗೆ ಅಣ್ಣನೆನಿಸಿಕೊಂಡವನು ಬರಲೇಬೇಕಾಯಿತು. ನಮ್ಮ ಕಡೆ ಪಂಚಮಿಗೆ ಅಣ್ಣ ತಂಗಿಯನ್ನು ತವರಿಗೆ ಕರೆಯುತ್ತಾನೆ, ಸೀರೆ ಉಡಿಸುತ್ತಾನೆ, ಉಂಡಿ ಕಟ್ಟಿಕೊಡುತ್ತಾನೆ. ಯಮನಪ್ಪ ಅವಳನ್ನು ತನ್ನ ಒಂಟಿ ಖೋಲಿಗೆ ಕರೆದು, ಮಾಡಿಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿ, ಸೀರೆ ಕೊಟ್ಟು ಕಳಿಸಿದ. ಮೊದಲ ಸಲ “ತಂಗಿ” ಎನ್ನಲು ಅವನ ನಾಲಗೆ ತಡವರಿಸಿತು. ಮುಂದಿನ ವರ್ಷಗಳಲ್ಲಿ ಆ ಮಾತು ಅವನಿಗೆ ರುಚಿಸತೊಡಗಿತು. ಹೊಸಬರು ಸಿಕ್ಕರೆ, ಕೇಳದಿದ್ದರೂ, “ನಮ್ಮ ತಂಗಿ ಇಲ್ಲೇ ಅದಾಳ್ರಿ” ಎನ್ನುತ್ತಿದ್ದ. ಅವಳ ಮಗು ಇವನನ್ನು ಸೋದರಮಾವ ಎಂದು ಕರೆಯುತ್ತಿತ್ತು. ಮನೆಯ ನೀರು, ಸೌದೆ, ಅತ್ತೆಯ ಔಷಧ ಎಲ್ಲಕ್ಕೂ ಇವನೇ.

ನೀಲವ್ವ ಬಂದದ್ದು ಒಂದು ಮಳೆಗಾಲದಲ್ಲಿ. ಕೊಡೆ ರಿಪೇರಿಯವನ ಹತ್ತಿರ ಕರಿ ಕೊಡೆಗಳು ಅದಲುಬದಲಾದವು. ಅವಳು ತನ್ನ ಕೊಡೆ ಹುಡುಕುತ್ತ ಇವನ ಬೆನ್ನು ಹತ್ತಿದಳು. ಕೊರ್ಲಿಮ್ಮಿನ ಕಾರ್ಖಾನೆಯೊಂದರಲ್ಲಿ ಕೆಲಸ, ಗಂಡ ಸತ್ತು ಕೆಲವು ವರ್ಷಗಳಾಗಿದ್ದವು, ವಾಸ್ಕೋದಲ್ಲಿ ಕಾಕಾನ ಮನೆಗೆ ರವಿವಾರ ಬರುತ್ತಿದ್ದಳು. ಈ ಸಲ ಯಮನಪ್ಪ ನನಗೆ ಕಥೆ ಹೇಳಲಿಲ್ಲ. ಅದರಿಂದಲೇ ಇದು ಬೇರೆ ಎಂದು ನನಗೆ ಗೊತ್ತಾಯಿತು. ಒಂದು ರವಿವಾರ ಅವಳನ್ನೇ ಗಿರಣಿಗೆ ಕರೆತಂದ. ಗಟ್ಟಿಮುಟ್ಟಾದ, ಮುಖದ ಮೇಲೆ ಸಿಡುಬಿನ ಕಲೆಯಿದ್ದ ಹೆಂಗಸು. ನನ್ನನ್ನೂ ಗಿರಣಿಯನ್ನೂ ನೋಡಿ, “ಗ್ವಾಡಿ ಮ್ಯಾಲೆ ಬರದದ್ದು ಯಾರಾದ್ರೂ ಓದ್ತಾರೇನ್ರಿ?” ಎಂದಳು. “ಇವನೊಬ್ಬ” ಎಂದೆ. “ಹಂಗಾದ್ರ ನಾನೂ ಓದ್ತೇನ್ರಿ,” ಎಂದಳು. ಯಮನಪ್ಪ ನೆಲ ನೋಡುತ್ತ ನಗುತ್ತಿದ್ದ.

ಒಂದು ದಿನ ನೀಲವ್ವನ ಕಾಕಾ ವಿಚಾರಿಸಲು ಗಿರಣಿಗೆ ಬಂದ. ಹೆಣ್ಣು ಕೊಡುವವರು ಗಂಡಿನ ಕಡೆಯವರನ್ನು ಕೇಳುವುದು ರೂಢಿ. “ನಿನ್ನವ್ರು ಯಾರದಾರಪಾ?” ಎಂದು ಕೇಳಿದಾಗ ಯಮನಪ್ಪ ಎದೆ ಎತ್ತಿ, “ತಂಗಿ ಅದಾಳ್ರಿ. ಆಕೀನ್ನ ಕೇಳ್ರಿ,” ಎಂದ. ಶರಣವ್ವ ಆಗ ಗಿರಣಿಯಲ್ಲೇ ಇದ್ದಳು. ಅವಳನ್ನು ತೋರಿಸಿ, ಬೀಗರಿಗೆ ಚಹಾ ತರಲು ತಾನೇ ಓಡಿದ.

ಶರಣವ್ವ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಕಾಕಾನನ್ನು ನೋಡಿದಳು.

“ಖರೇ ಹೇಳ್ಲೇನ್ರಿ? ಕಂಡಕಂಡ ಹೆಂಗಸರ ಹಿಂದ ಹೋಗಾಂವ ಇವ. ಮೀನಾ ಮಾರಾಕಿ ಆತು, ಗ್ಯಾಸಿನ ಲೈನಿನ್ಯಾಕಿ ಆತು. ಗುಡ್ಡದಾಗ ಯಾರನ್ನ ಬೇಕಾದ್ರೂ ಕೇಳ್ರಿ. ನನ್ನ ಹಿಂದನೂ ಬಿದ್ದಿದ್ದ. ಅದಕ್ಕ ನಾ ಅಣ್ಣ ಮಾಡ್ಕೊಂಡೇನಿ.”

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಕಾಕಾ ಬೆಂಚಿನ ಮೇಲಿದ್ದ ಹೆಂಗಸರ ಕಡೆ ತಿರುಗಿದ. ಅವರು ತಲೆ ತಗ್ಗಿಸಿ ನಕ್ಕರು. ಯಮನಪ್ಪ ಚಹಾದ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಳಗೆ ಬಂದು ಗ್ಲಾಸುಗಳನ್ನು ಕಾಕಾನ ಮುಂದೆ ಇಟ್ಟ.

“ಚಹಾ ಬ್ಯಾಡಪಾ. ಪಿತ್ತಾಗೇತಿ,” ಎಂದು ಕಾಕಾ ಎದ್ದು ಹೋದ. ಕಾಕಾನ ಮಾತು ಮೀರಿ ನೀಲವ್ವ ಬರುವಂತಿರಲಿಲ್ಲ. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಯಮನಪ್ಪನೂ ಹೊರಟುಹೋದ ಮೇಲೆ ಶರಣವ್ವನನ್ನು ಕೇಳಿದೆ: “ಯಾಕವ್ವಾ ಹಂಗಂದಿ?”

“ಆಕಿ ಬಂದ್ಲಂದ್ರ ನನಗ ಪಂಚಮಿಗೆ ಯಾರ್ರಿ ಕರೀತಾರ? ಅಣ್ಣನ ಮನ್ಯಾಗ ಹೆಂಡ್ತಿ ಹೊಕ್ರ ನನ್ನ ತವರಮನಿ ಹೋತಲ್ರಿ. ನಮ್ಮತ್ತಿ ನನ್ನ ಜೀವಂತ ಇಡೂದಿಲ್ಲ.” ಡಬ್ಬಿ ಎತ್ತಿಕೊಂಡಳು. “ಇಂವಗೇನ್ರಿ, ರಸ್ತೇದಾಗ ಇನ್ನೊಬ್ಬಾಕಿ ಸಿಗ್ತಾಳ.”

ಇನ್ನೊಬ್ಬಳು ಸಿಗಲಿಲ್ಲ. ಅವನು ಹುಡುಕಲೂ ಇಲ್ಲ. ಅಂಗಡಿಗೆ ಬರುವಾಗ ಬಂದರಿನ ಬಟ್ಟೆಯಲ್ಲೇ, ಕೆಂಪು ಮುಖದಲ್ಲೇ ಬರತೊಡಗಿದ. ಪಂಚಮಿಗೆ ಕೆಲವು ದಿನ ಇರುವಾಗ ಒಂದು ಟ್ರಂಕು ಹಿಡಿದು ಗಿರಣಿಗೆ ಬಂದ. ಕಾಣಕೋಣದಲ್ಲಿ ಸಮುದ್ರದ ದಂಡೆಗೆ ಹೋಟೆಲು ಕಟ್ಟುತ್ತಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದ.

“ಶರಣವ್ವ ಕೇಳಿದ್ರ ಏನ ಹೇಳ್ಲಿ?”

“ಸತ್ತಾನ ಅಂತ ಹೇಳ್ರಿ,” ಎಂದ. ಟ್ರಂಕು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅವನನ್ನು ಕಂಡದ್ದು ಅದೇ ಕೊನೆ.

ಪಂಚಮಿಯ ಮುಂಜಾನೆ ಶರಣವ್ವ ತಲೆಗೆ ಹೂ ಮುಡಿದು ಬಂದಳು. ಖೋಲಿಗೆ ಬೀಗ ಬಿದ್ದಿದೆ, ಅಣ್ಣ ಇಲ್ಲಿದ್ದಾನೇನು ಎಂದು ಕೇಳಿದಳು. ಸುಳ್ಳು ಹೇಳುವುದು ನನ್ನಿಂದಾಗದು. “ಅವ ಊರು ಬಿಟ್ಟ. ನಿನಗ ಸತ್ತಾನ ಅಂತ ಹೇಳು ಅಂದ,” ಎಂದೆ.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಮ್ಮೆ ಗುಡ್ಡದ ಕಡೆ ನೋಡಿದಳು.

“ಸೀರಿ ಕೊಟ್ಟು ಹೋಗ್ಯಾನೇನ್ರಿ?”

ಇಲ್ಲ ಎಂದೆ.

ಎದುರಿಗಿದ್ದ ಬಟ್ಟೆ ಅಂಗಡಿಗೆ ಹೋದಳು. ಹೆಚ್ಚು ಹೊತ್ತು ಆರಿಸಲಿಲ್ಲ. ಹಸಿರು ಸೀರೆಯೊಂದನ್ನು ಎಲ್ಲರಿಗೂ ಕಾಣುವ ಹಾಗೆ ತೋಳಿನ ಮೇಲೆ ಹಾಕಿಕೊಂಡು ಗುಡ್ಡದ ಮೆಟ್ಟಿಲು ಹತ್ತತೊಡಗಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಏನೋ ಕೇಳಿದರು. ಶರಣವ್ವನ ದನಿ ಕೆಳಗಿನವರೆಗೂ ಕೇಳಿಸಿತು.

“ಹೌದ್ರಬೇ, ನಮ್ಮಣ್ಣ ತಂದಾನ. ಅವಸರಿತ್ತಂತ, ನಿಂದರ್ಲಿಲ್ಲ.”