ಗಂಜಿ ಕುಡಿದವಳ ಹಾಲು

ನಾನು ಸಪೂರ. ನಮ್ಮ ಕಡೆ ಮರ್ಯಾದೆಯಿಂದ ಹೇಳುವುದು ಹಾಗೆ. ಸಣಕಲ ಎಂಬುದೇ ಸರಿಯಾದ ಮಾತು. ಕುಂದಾಪುರದ ಬಸ್ಸಿನಲ್ಲಿ ಇಬ್ಬರು ಕೂತ ಸೀಟಿನ ಅಂಚು ಒಂದಿಷ್ಟು ಉಳಿದಿದ್ದರೆ, ಕಂಡಕ್ಟರ್ ಅಷ್ಟೂ ಜನರ ನಡುವೆ ನನ್ನನ್ನೇ ಹುಡುಕಿ ತಂದು ಕೂರಿಸುತ್ತಾನೆ. ಇದರಿಂದ ಲಾಭವೇ ಆಗಿದೆ. ಸಾಲಿಗ್ರಾಮದಿಂದ ನಾನು ನಿಂತು ಹೋದದ್ದು ಕಡಿಮೆ.

ಈ ಮೈಕಟ್ಟಿಗೆ ಯಾರು ಹೊಣೆ ಎಂಬುದು ಮಾತ್ರ ನಮ್ಮ ಮನೆಯಲ್ಲಿ ನಾನು ಕೂಸಾಗಿದ್ದಾಗಲೇ ತೀರ್ಮಾನವಾಗಿತ್ತು. ಅಪ್ಪಯ್ಯನ ತಾಯಿ, ಅಂದರೆ ನನ್ನ ಅಜ್ಜಿ, "ನಿನ್ ಹಾಲ್ ಬರೀ ನೀರ್. ಅದ್ಕೇ ಮಾಣಿ ಹೀಂಗ್ ಒಣ್ಗಿದ್ದ್" ಎಂದು ಅಮ್ಮನಿಗೆ ಹೇಳಿದ್ದರಂತೆ. ಆ ವರ್ಷ ಮನೆಯಲ್ಲಿ ತುಪ್ಪವಿರಲಿಲ್ಲ, ಅಮ್ಮನ ಬಾಣಂತನ ಕುಚ್ಚಲಕ್ಕಿ ಗಂಜಿಯಲ್ಲೇ ಮುಗಿದಿತ್ತು. ಅಜ್ಜಿ ತೀರಿಕೊಂಡರು, ನನ್ನ ತಲೆ ನರೆಯಿತು, ಆ ಮಾತು ಮಾತ್ರ ಅಮ್ಮನೊಳಗೆ ಉಳಿಯಿತು. ನನಗೊಂದು ಸೀನು ಬಂದರೂ ಅವಳು ತಾನೇ ತಪ್ಪಿತಸ್ಥೆ ಎಂಬಂತೆ ನೋಡುತ್ತಿದ್ದಳು.

ನಾವೆಲ್ಲ ಹೊಸದಾಗಿ ಬಂದ ಮೊಬೈಲ್ ಹಿಡಿದು ಸಿಗ್ನಲ್‌ಗಾಗಿ ಅಂಗಳದ ಮೂಲೆ ಮೂಲೆ ಸುತ್ತುತ್ತಿದ್ದ ಕಾಲದಲ್ಲಿ ನಮ್ಮ ಹಟ್ಟಿಯ, ಅಂದರೆ ಕೊಟ್ಟಿಗೆಯ, ದನ ಕೆಂಪಿ ಕರು ಹಾಕಿತು. ಅಮ್ಮನಿಗೆ ಸಿಗದ ಬಾಣಂತನ ಕೆಂಪಿಗೆ ಸಿಗತೊಡಗಿತು. ಬೆಳಿಗ್ಗೆ ಅನ್ನ, ಮಧ್ಯಾಹ್ನ ತೆಂಗಿನ ಹಿಂಡಿ, ಸಂಜೆ ಬೆಲ್ಲ ಹಾಕಿ ಬೇಯಿಸಿದ ನುಚ್ಚು, ಅದರ ಮೇಲೆ ಧಾರಾಳವಾಗಿ ತೆಂಗಿನೆಣ್ಣೆ. ಅಂಗಳದಲ್ಲಿ ಒಟ್ಟಿದ ಬೈಹುಲ್ಲಿನ ಕುತ್ರಿಯನ್ನು ಮುಟ್ಟುವವರೇ ಇಲ್ಲ. ಸ್ವಲ್ಪ ಹುಲ್ಲನ್ನೂ ಹಾಕಬಾರದೇ ಎಂದು ಅಮ್ಮನನ್ನು ಕೇಳಿದೆ.

"ಬಾಣ್ತಿಗ್ ಯಾರಾರೂ ಹುಲ್ಲ್ ಹಾಕ್ತ್ರಾ?" ಎಂದಳು.

ಅವಳ ಲೆಕ್ಕದಲ್ಲಿ ಕೆಂಪಿ ಮೊದಲು ಬಾಣಂತಿ, ಆಮೇಲೆ ದನ.

ಇತ್ತ ಡೈರಿಯಲ್ಲಿ ಹಾಲಿನ ಫ್ಯಾಟ್ ಇಳಿಯುತ್ತಾ ಹೋಯಿತು. ಹಾಲು ಅಳೆಯುವವರು ಒಂದು ದಿನ ತಮಾಷೆಗೆ, "ಎಂತ ಅಮ್ಮ, ನಿಮ್ ಹಾಲ್ ಬರೀ ನೀರ್ ಆಯ್ತಲೆ!" ಎಂದರು. ಸಾಲಿನಲ್ಲಿದ್ದವರು ನಕ್ಕರು. ಅವರಿಗೇನು ಗೊತ್ತು? ಅಮ್ಮ ಮನೆಗೆ ಬಂದು ಕ್ಯಾನು ಇಳಿಸಿ ಹಟ್ಟಿಯ ಬಾಗಿಲಲ್ಲಿ ಕೂತಳು. "ನಂದ್ ಮಾತ್ರ ಹಾಂಗೆ ಅಂದ್ಕಂಡಿದ್ದೆ. ನಾ ಸಾಕಿದ್ ದನದ್ದೂ ಹಾಂಗೇ ಆಯ್ತ್" ಎಂದಳು. ನನಗೆ ತುಂಬ ಸಂಕಟವಾಯಿತು. ಮರುದಿನದಿಂದ ಡೈರಿಗೆ ಹೋಗುವ ಕೆಲಸ ನನ್ನದಾಯಿತು.

ಬ್ರಹ್ಮಾವರದ ಕಡೆಯಿಂದ ಬಂದ ಪಶುವೈದ್ಯೆ ಕೆಂಪಿಯ ಊಟದ ವಿವರ ಕೇಳಿ, "ಆ ಊಟ ನಂಗ್ ಹಾಕಿ ಮಾರ್ರೆ, ಅದ್ಕೆ ಹುಲ್ಲ್ ಹಾಕಿ" ಎಂದು ನಕ್ಕರು. ಆಮೇಲೆ ಅವರು ಹೇಳಿದ್ದು ನನಗೆ ಹೊಸದು. ಕೆಚ್ಚಲೆಂದರೆ ಸೋಸುವ ಬಟ್ಟೆ, ಮೇಲಿಂದ ಎಣ್ಣೆ ಹಾಕಿದರೆ ಕೆಳಗೆ ಬೆಣ್ಣೆ ಇಳಿಯುತ್ತದೆ ಎಂದು ನಾವು ತಿಳಿದಿದ್ದೇವೆ. ಕೆಚ್ಚಲು ನಿಜವಾಗಿ ಅಡುಗೆಮನೆ. ದನದ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಲ್ಲಿನ ನಾರನ್ನು ಹುಳಿಯಾಗಿಸುತ್ತವೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವೇ ಅದರಲ್ಲಿ ಹೆಚ್ಚು. ರಕ್ತ ಅದನ್ನು ಕೆಚ್ಚಲಿಗೆ ಮುಟ್ಟಿಸುತ್ತದೆ. ಅಲ್ಲಿನ ಜೀವಕೋಶಗಳು, ಬಾಳೆನಾರಿನಲ್ಲಿ ಎರಡೆರಡು ಮಲ್ಲಿಗೆ ಇಟ್ಟು ದಂಡೆ ಕಟ್ಟುವ ಹಾಗೆ, ಎರಡೆರಡು ಇಂಗಾಲ ಸೇರಿಸುತ್ತ ಕೊಬ್ಬಿನ ಆಮ್ಲ ಕಟ್ಟುತ್ತವೆ. ನಾಲ್ಕು ಇಂಗಾಲಕ್ಕೇ ನಿಂತ ಗಿಡ್ಡ ದಂಡೆಗೆ ಬೆಣ್ಣೆಯ ಪರಿಮಳದಲ್ಲಿ ಪಾಲಿದೆ. ಹದಿನಾರಕ್ಕೆ ಕೆಚ್ಚಲು ಕೈ ನಿಲ್ಲಿಸುತ್ತದೆ. ಅದಕ್ಕಿಂತ ಉದ್ದದವು ತಿಂದ ಎಣ್ಣೆಯಿಂದ, ಮೈಯ ಕೊಬ್ಬಿನಿಂದ ಬರುವಂಥವು. ಹುಲ್ಲು ಬಿಡಿಸಿ ಅನ್ನ, ಎಣ್ಣೆ ಸುರಿದರೆ ಹೊಟ್ಟೆಯ ಹದ ಕೆಟ್ಟು ಕೆಚ್ಚಲಿನ ಒಲೆಯೇ ತಣ್ಣಗಾಗುತ್ತದಂತೆ.

ಸ್ಕೂಟರ್ ಹತ್ತಿದವರನ್ನು ನಿಲ್ಲಿಸಿ ಕೇಳಿದೆ: ಮನುಷ್ಯರಲ್ಲಿ? ತುಪ್ಪ ಕಾಣದ ಬಾಣಂತಿಯಲ್ಲಿ?

ಅಲ್ಲೂ ಅದೇ ಕೆಲಸ, ಸಾಮಾನು ಮಾತ್ರ ಬೇರೆ ಎಂದರು. ಅನ್ನ ಕರಗಿ ಆಗುವ ಸಕ್ಕರೆಯಿಂದಲೇ ಎದೆ ಕೊಬ್ಬು ಕಟ್ಟುತ್ತದೆ. ಗಂಜಿಯಲ್ಲೇ ದಿನ ದೂಡುವ ತಾಯಿಯಲ್ಲಿ ಈ ಕೆಲಸ ಇನ್ನೂ ಜೋರು. ಉಳಿದದ್ದನ್ನು ಅವಳ ಮೈಯಿಂದಲೇ ತೆಗೆದು ಮಗುವಿಗೆ ಕೊಡುತ್ತದೆ. ಹಾಗೆ ಕಟ್ಟಿದ್ದರಲ್ಲಿ ತೆಂಗಿನೆಣ್ಣೆಯಲ್ಲಿರುವ ಲಾರಿಕ್ ಎಂಬ ಕೊಬ್ಬಿನ ಆಮ್ಲವೂ ಇರುತ್ತದಂತೆ, ಆಕೆ ತೆಂಗಿನಕಾಯಿಯ ಮುಖ ನೋಡದಿದ್ದರೂ.

ಅವರು ಹೋದ ಮೇಲೂ ನಾನು ಹಟ್ಟಿಯ ಹತ್ತಿರವೇ ನಿಂತಿದ್ದೆ. ಒಬ್ಬರು ಏನು ಕೊಟ್ಟರು ಎಂಬುದನ್ನು ಅವರಿಗೆ ಏನು ಸಿಕ್ಕಿತ್ತು ಎಂಬುದರಿಂದ ಅಳೆಯುವುದು ನಮ್ಮ ಅಭ್ಯಾಸ. ಅಜ್ಜಿ ಅಳೆದದ್ದೂ ಹಾಗೆಯೇ. ನಡುವೆ ಒಂದು ಅಡುಗೆಮನೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಳಗೆ ಅಮ್ಮ ಬಸಳೆ ಹೆಚ್ಚುತ್ತಿದ್ದಳು. ಕೇಳಿದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಂತಿತು.

"ಬರೀ ಗಂಜಿಯಿಂದ್ಲಾ?"

"ಬರೀ ಗಂಜಿಯಿಂದ್ಲೇ. ನೀರಲ್ಲ ಅಮ್ಮ."

ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸಳೆ ಹೆಚ್ಚಿದರೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಕುತ್ರಿಯಿಂದ ಒಂದು ಹೊರೆ ಹುಲ್ಲು ಎಳೆದಳು.

ಕೆಲವು ವಾರಗಳಲ್ಲಿ ಫ್ಯಾಟ್ ಏರಿತು. ಅಮ್ಮ ಮತ್ತೆ ತಾನೇ ಕ್ಯಾನು ಹಿಡಿದು ಡೈರಿಗೆ ಹೊರಟಳು. ನಾನಂತೂ ಒಂದು ಗುಲಗುಂಜಿಯಷ್ಟೂ ಏರಲಿಲ್ಲ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ ಎಂತಕೆ ಇಷ್ಟ್ ಸಪೂರ?" ಎಂದರು. ಅಭ್ಯಾಸದಂತೆ ನಾನು ಅಮ್ಮನ ಮುಖ ನೋಡಿದೆ. ಅವಳು ಅವರ ಲೋಟಕ್ಕೆ ಹಾಲು ಬಗ್ಗಿಸುತ್ತ, ತಲೆಯನ್ನೂ ಎತ್ತದೆ ಹೇಳಿದಳು:

"ಅವ್ನ ಅಪ್ಪಯ್ಯನ ಕಡೆಯರೆಲ್ಲ ಹೀಂಗೇ."