ಉಜ್ಜಿಹೋದ ಗೆರೆಗಳು

ನಮ್ಮ ಯಜಮಾನರಿಗೆ ಕೊಳೆ ಕಂಡರಾಗದು. ಹುಬ್ಬಳ್ಳಿಯಲ್ಲಿ ಮಾವನವರದು ಲೇತ್ ವರ್ಕ್‌ಶಾಪ್. ಆಯುಧ ಪೂಜೆಯ ಹಿಂದಿನ ದಿನ ಅಲ್ಲಿ ಸ್ಪ್ಯಾನರ್ ಸಮೇತ ಎಲ್ಲವನ್ನೂ ತಿಕ್ಕಿ ಬೆಳಗಬೇಕು, ಮುಟ್ಟಿದರೆ ಬೆರಳಿಗೆ ಮಸಿ ಹತ್ತಬಾರದು. ಆ ಚಟ ಕಡಲು ದಾಟಿ, ಫುಲ್‌ಶೀರ್ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿಗೂ ಬಂತು.

ಗ್ಯಾರೇಜಿನಲ್ಲಿ ನನ್ನ ಸವತಿ ಇದ್ದಳು. ಅರುವತ್ತರ ದಶಕದ ಮಸಲ್ ಕಾರು. ಎರಡೇ ಬಾಗಿಲು, ರಾಕ್ಷಸ ಎಂಜಿನ್. ತುಕ್ಕು ಹಿಡಿದದ್ದನ್ನು ಎಳೆದು ತಂದು, ವರ್ಷಗಟ್ಟಲೆ ಶನಿವಾರ, ಭಾನುವಾರ ಅದರಡಿ ಮಲಗಿ ಹೊಸದು ಮಾಡಿದ್ದರು. ನಾನು ರೇಗಿದರೆ, "ಇರ್ಲಿ ಬಿಡ, ಕಷ್ಟಕಾಲಕ್ಕ ಇದ ನಮ್ಮ ಬಂಗಾರ ನೋಡ" ಎನ್ನುತ್ತಿದ್ದರು.

ಕಷ್ಟಕಾಲ ಬಂದೇ ಬಂತು. ಇವರ ಕೆಲಸ ಹೋಯಿತು. ಕಾರು ಒಳ್ಳೆಯ ಬೆಲೆಗೆ ಹೋದರೆ ಮಗಳ ಹೈಸ್ಕೂಲ್ ಮುಗಿಯುವವರೆಗೆ ಸಾಲದ ಕಂತು ಕಟ್ಟಿ ಮನೆ ಉಳಿಸಿಕೊಳ್ಳಬಹುದಿತ್ತು. ನನಗೆ ಬೇಕಾದದ್ದು ಅಷ್ಟೇ.

ಡಲ್ಲಾಸಿನಿಂದ ಒಬ್ಬ ಮುದುಕ ನೋಡಲು ಬಂದ. ಬಣ್ಣ, ಸೀಟು ನೋಡಿ ತಲೆದೂಗಿದ. ಆದರೆ ಇಂಥ ಕಾರಿಗೆ ಬೆಲೆ ಬರುವುದು ಹುಟ್ಟುವಾಗಿನ ಎಂಜಿನ್ನೇ ಇದ್ದರೆ. ಬಾನೆಟ್ ಎತ್ತಿ, ಎಂಜಿನ್ನಿಗೆ ಹೊಡೆದಿದ್ದ ನಂಬರಿನ ಮೇಲೆ ಟಾರ್ಚ್ ಬಿಟ್ಟ. ನಂಬರ್ ಕಾರಿನ ನಂಬರಿಗೆ ಸರಿಯಾಗಿ ಹೊಂದುತ್ತಿತ್ತು. ಆದರೂ ಅವನ ಮುಖ ಬಾಡಿತು.

"ನಂಬರ್ ಹೊಡೆದ ಜಾಗದಲ್ಲಿ ಕಾರ್ಖಾನೆಯ ಯಂತ್ರ ಕೊರೆದ ಸಣ್ಣ ಸಣ್ಣ ಗೆರೆ ಇರಬೇಕು. ಇಲ್ಲಿ ನುಣ್ಣಗಿದೆ. ಹಳೇ ನಂಬರ್ ಅಳಿಸಿ ಸುಳ್ಳು ನಂಬರ್ ಹೊಡೆದರೂ ಹೀಗೇ ಕಾಣುತ್ತೆ," ಎಂದ ಇಂಗ್ಲಿಷಿನಲ್ಲಿ.

ಹಿಂದಿನ ದಸರೆಗೆ ಆ ಜಾಗವನ್ನು ಇವರು ಉಪ್ಪುಕಾಗದ ಹಾಕಿ ಫಳಫಳ ಉಜ್ಜಿದ್ದನ್ನು ಕಣ್ಣಾರೆ ಕಂಡಿದ್ದೆ. ಆಳಕ್ಕಿದ್ದ ನಂಬರ್ ಉಳಿದು ಗೆರೆಗಳು ಹೋಗಿದ್ದವು. ಅತಿಯಾದರೆ ಅಮೃತವೂ ವಿಷ ಅಂತ ಸುಮ್ಮನೆ ಹೇಳ್ತಾರಾ!

ಇವರು ಪೂಜೆಯ ವಿಷಯವೆಲ್ಲ ಹೇಳಿದರು. ಮುದುಕ ಮರ್ಯಾದೆಯಿಂದಲೇ ಕೇಳಿದ. "ನಾನು ನಂಬಬಹುದು. ನನ್ನಿಂದ ಕೊಳ್ಳುವವನು ನಂಬಲ್ಲ. ಉಜ್ಜುವ ಮೊದಲಿನ ಫೋಟೋ ಇದೆಯಾ?"

ಮಗಳು ಫೋನಿನಲ್ಲಿ ಹುಡುಕಿದಳು. ಫೋಟೋಗಳೇನು ಬೇಕಾದಷ್ಟಿದ್ದವು. ಚೆಂಡುಹೂವು, ಬೂದುಗುಂಬಳ, ಸರಿಯಾಗಿ ಆ ನಂಬರಿನ ಮೇಲೇ ನಾನು ಹಚ್ಚಿದ ಕುಂಕುಮ. ಎಲ್ಲ ಉಜ್ಜಿದ ಮೇಲಿನವು. ಮಸಿ ಮೆತ್ತಿಕೊಂಡಿದ್ದಾಗ ನಮ್ಮಲ್ಲಿ ಯಾರು ಫೋಟೋ ತೆಗೀತಾರೆ?

"ದೇರ್ ಈಸ್ ನೋ ಬಿಫೋರ್, ಅಪ್ಪಾ," ಎಂದಳು.

ಮುದುಕ ಹೇಳಿದ್ದು ಎಂಜಿನ್ ಬದಲಾದ ಕಾರಿನ ಬೆಲೆ, ನಾವು ನೆಚ್ಚಿಕೊಂಡಿದ್ದರ ಅರ್ಧವೂ ಅಲ್ಲ. ಇವರು ಆ ಬೆಲೆಗೇ ಒಪ್ಪಿ ಕೀಲಿಕೈ ಕೊಟ್ಟರು. ನನಗೆ ಸಿಟ್ಟು ಬಂದದ್ದು ದೇವರ ಮೇಲೆ. ಭಕ್ತಿಯಿಂದ ತಿಕ್ಕಿದವರಿಗೆ ಕಳ್ಳರ ಬೆಲೆಯೇ?

ಮನೆ ಉಳಿಯಲಿಲ್ಲ. ಮಗಳು ಸ್ಕೂಲ್ ಬಿಟ್ಟಳು, ಗೆಳತಿಯರನ್ನು ಬಿಟ್ಟಳು. ಆಸ್ಟಿನ್ನಿನ ಬಾಡಿಗೆ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದೆವು. ಅಲ್ಲಿ ಬಂದ ಮೊದಲ ಆಯುಧ ಪೂಜೆಗೆ ಇವರು ಮಾವನವರ ಹಳೆಯ ಸ್ಪ್ಯಾನರನ್ನು ದೇವರ ಮುಂದೆ ತಂದಿಟ್ಟರು.

"ಒರೆಸಿಲ್ವೇನ್ರೀ?"

"ಹೆಂಗೈತಿ ಹಂಗ ಇರ್ಲಿ," ಎಂದರು.

ಕುಂಕುಮ ಇಡಲು ಹೋದೆ. ಬೆರಳಿಗೆ ಮಸಿ ಹತ್ತಿತು.